ಎರಡನೇ ‘ಬ್ಯಾಡ’

ನನ್ನ ಅತ್ತೆಗೆ ಒಂದು ಮಾತನ್ನು ಮೂರು ಸಲ ಹೇಳಿ ಅಭ್ಯಾಸ. ಸಿದ್ದಾಪುರ ತಾಲ್ಲೂಕಿನ ನಿಲ್ಕುಂದದ ಕಡೆ ನಿವೃತ್ತಿಯ ತನಕ ಶಾಲೆಯ ಅಕ್ಕೋರಾಗಿದ್ದವರು. ಮಕ್ಕಳಿಗೆ ಮೂರು ಸಲ ಹೇಳಿದರೆ ಒಂದು ಸಲ ಹೇಳಿದಷ್ಟು ಎನ್ನುವುದು ಅವರ ನಂಬಿಕೆ. ಶಾಲೆ ಬಿಟ್ಟ ಮೇಲೂ ಅವರ ಪಾಲಿಗೆ ನಾವೆಲ್ಲ ಹಿಂದಿನ ಬೆಂಚಿನವರೇ. ನನಗೋ ಒಂದು ಮಾತನ್ನು ಎರಡನೇ ಸಲ ಕೇಳಿಸಿಕೊಂಡರೆ ಮೈಯೆಲ್ಲ ಉರಿ. ಇಂಥ ನಾವಿಬ್ಬರೂ ಶಿರಸಿಯ ಒಂದು ಮಾಳಿಗೆ ಮನೆಯಲ್ಲಿ ವರ್ಷಗಟ್ಟಲೆ ಒಟ್ಟಿಗೇ ಇದ್ದೆವು. ದಿನಾ ಬೆಳಿಗ್ಗೆ ಚಾಕ್ಕೆ ಶುರುವಾದ ವಾದ ರಾತ್ರಿ ಮಜ್ಜಿಗೆಗೆ ಮುಗಿಯುತ್ತಿತ್ತು. ಓಣಿಯವರು ಇದನ್ನು ಹೊಂದಾಣಿಕೆ ಎನ್ನುತ್ತಿದ್ದರು.

ಒಂದು ದಿನ ಅತ್ತೆಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು. ಹುಬ್ಬಳ್ಳಿಯ ಆಸ್ಪತ್ರೆಯಿಂದ ಮನೆಗೆ ಕರೆತಂದಾಗ ಹೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತಿತ್ತು, ಆದರೆ ತಿರುಗಿ ಹೇಳಲು ಬಾಯಿ ಏಳುತ್ತಿರಲಿಲ್ಲ. ಎಡಗೈಯಲ್ಲಿ ಬರೆಯಲಿ ಎಂದು ಸ್ಲೇಟು ಕೊಟ್ಟೆವು. ಊರ ಮಕ್ಕಳಿಗೆಲ್ಲ ಅಕ್ಷರ ತಿದ್ದಿಸಿದವರಿಗೆ ಅಕ್ಷರ ಜೋಡಿಸುವುದೇ ಮರೆತುಹೋಗಿತ್ತು. ಬರೆದಿಟ್ಟ ಪದ ತೋರಿಸಿದರೆ ಗುರುತು ಹಿಡಿಯುತ್ತಿದ್ದರು, ತಾವೇ ಬರೆಯಲಾಗುತ್ತಿರಲಿಲ್ಲ. ತಲೆಯಾಡಿಸಿ ಹೇಳೋಣವೆಂದರೆ ಅವರ ತಲೆ ಸದಾ ಸಣ್ಣಗೆ ಅಲ್ಲಾಡುತ್ತಲೇ ಇತ್ತು. ಅದು ಹೌದೋ ಅಲ್ಲವೋ ದೇವರಿಗೇ ಗೊತ್ತು. ಕಣ್ಣೀರು ಕಾರಣವಿಲ್ಲದೆಯೂ ಬರುತ್ತದೆ, ಅದಕ್ಕೆ ಬೆಲೆ ಕೊಡಬೇಡಿ ಎಂದು ಡಾಕ್ಟರು ಮೊದಲೇ ಹೇಳಿ ಕಳಿಸಿದ್ದರು. ಹೀಗಾಗಿ ಅವರ ಕಣ್ಣೀರಿಗೂ ಬೆಲೆ ಇಲ್ಲದಂತಾಯಿತು.

ಆಸ್ಪತ್ರೆಯವರು ಚಿತ್ರಗಳಿರುವ ಒಂದು ಹಲಗೆ ಕೊಟ್ಟಿದ್ದರು. ಹಸಿವಾದರೆ ಸೇಬಿನ ಚಿತ್ರ ಮುಟ್ಟಬೇಕಂತೆ. ಜೀವಮಾನದಲ್ಲಿ ಹಸಿವಾದಾಗ ಸೇಬು ನೆನೆಸಿದವರಲ್ಲ ನಮ್ಮತ್ತೆ. ಹಲಗೆಯನ್ನು ಎಡಗೈಯಲ್ಲಿ ಎತ್ತಿ ಮಂಚದ ಕೆಳಗೆ ಹಾಕಿದರು. ಎತ್ತಿ ಕೊಟ್ಟೆ. ಮತ್ತೆ ಹಾಕಿದರು. ಅವರ ಬುದ್ಧಿಗೆ ಏನೂ ಆಗಿಲ್ಲ ಎಂದು ನನಗೆ ಅವತ್ತೇ ಖಾತ್ರಿಯಾಯಿತು.

ನನ್ನ ಕಸುಬು ವೆಬ್ ಪೇಜ್ ಮಾಡಿಕೊಡುವುದು. ಕಲ್ಯಾಣ ಮಂಟಪ, ಹೋಮ್‌ಸ್ಟೇ, ಹೆಗಡೆಕಟ್ಟಾ ಕಡೆಯವರೊಬ್ಬರ ಕಾಳುಮೆಣಸು ಮಾರಾಟ, ಇಂಥವು. ಎಲ್ಲ ಕೆಲಸವೂ ಮನೆಯಲ್ಲೇ ಕೂತು. ಹಾಗಾಗಿ ಮನೆಯಲ್ಲಿರುವವರಿಗೆ ನಾನು ಕೆಲಸ ಮಾಡುತ್ತೇನೆ ಎಂದು ಅನ್ನಿಸುತ್ತಿರಲಿಲ್ಲ. ಅಟ್ಟದ ಮೇಲೆ ಒಂದು ಹಳೆಯ ಕೀಬೋರ್ಡ್ ಬಿದ್ದಿತ್ತು. ಅದನ್ನು ಒರೆಸಿ, ಬೇಡದ ಕೀಗಳನ್ನು ಕಿತ್ತು, ಉಳಿದವುಗಳ ಮೇಲೆ ಚೀಟಿ ಅಂಟಿಸಿದೆ: ನೀರು, ಚಾ, ಫ್ಯಾನ್, ಬಾ ಇಲ್ಲಿ, ಬೇಕು, ಬ್ಯಾಡ. ಕೀ ಒತ್ತಿದರೆ ಲ್ಯಾಪ್‌ಟಾಪ್ ಆ ಮಾತನ್ನು ಜೋರಾಗಿ ಹೇಳುವಂಥ ಒಂದು ಪುಟ ಬರೆದೆ. ಹೇಳಲು ಯಾರದಾದರೂ ದನಿ ಬೇಕಲ್ಲ? ಮನೆಯಲ್ಲಿದ್ದ ಹೆಣ್ಣುದನಿ ನನ್ನದೊಂದೇ. ಫೋನು ಹಿಡಿದು, ಅಡುಗೆಮನೆಯ ಬಾಗಿಲು ಹಾಕಿಕೊಂಡು, ಒಂದೊಂದೇ ಮಾತನ್ನು ಅತ್ತೆ ಹೇಳುವ ಧಾಟಿಯಲ್ಲೇ ಹೇಳಿ ರೆಕಾರ್ಡ್ ಮಾಡಿದೆ. ‘ಚಾ ಸಪ್ಪೆ ಇದ್ದು’ ಎನ್ನುವುದು ಅಷ್ಟು ಚೆನ್ನಾಗಿ ಬಂತೆಂದರೆ ಪಕ್ಕದ ಕೋಣೆಯಿಂದ ನಮ್ಮನೆಯವರು ಓಡಿಬಂದರು, ಆಯಿಗೆ, ಅಂದರೆ ಅಮ್ಮನಿಗೆ, ಮಾತು ಬಂತೆಂದು. ಆಮೇಲೆ ಅವರ ಮುಖ ನೋಡಲಾಗಲಿಲ್ಲ.

ಹೀಗೆ ನಮ್ಮ ಮನೆಯಲ್ಲಿ ಅತ್ತೆ ನನಗೆ ನನ್ನದೇ ದನಿಯಲ್ಲಿ ಬೈಯತೊಡಗಿದರು. ‘ಥೋ’ ಎಂಬ ಕೀ ಒಂದನ್ನು ನಾನಾಗಿ ಮಾಡಿಕೊಟ್ಟಿದ್ದೆ, ತಮಾಷೆಗೆ. ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡಂತಾಯಿತು. ಹುಳಿಗೆ ಉಪ್ಪು ಕಡಿಮೆಯಾದರೆ ‘ಥೋ’, ಕಿಟಕಿ ತೆರೆಯಲು ತಡವಾದರೆ ‘ಥೋ’. ಪರವಾಗಿಲ್ಲ ಎನ್ನಲು ಕೆಳಗಿನ ಸಾಲಿನಲ್ಲಿ ‘ಅಡ್ಡಿಲ್ಲೆ’ ಎಂಬುದೂ ಇತ್ತು, ಅದರ ಚೀಟಿ ಹೊಸದರಂತೆಯೇ ಉಳಿದಿತ್ತು.

ಮೊದಲ ದಿನವೇ ಒಂದು ಫಜೀತಿ. ಅತ್ತೆ ನೀರಿನ ಕೀ ಒತ್ತಿದರು. ಅವರ ಬೆರಳಿಗೆ ಒತ್ತುವುದು ಗೊತ್ತಿತ್ತು, ಕೂಡಲೇ ಎತ್ತುವುದು ಆಗುತ್ತಿರಲಿಲ್ಲ. ಕೀಯನ್ನು ಒತ್ತಿ ಹಿಡಿದರೆ ಕಂಪ್ಯೂಟರ್ ಅದನ್ನು ಒಂದು ಸಲ ಎಂದು ಬಗೆಯುವುದಿಲ್ಲ. ಬಿಡುವ ತನಕ ಮತ್ತೆ ಮತ್ತೆ ಒತ್ತಿದ ಹಾಗೇ ಸುದ್ದಿ ಕಳಿಸುತ್ತ ಇರುತ್ತದೆ. ‘ನೀರು ನೀರು ನೀರು ನೀರು’ ಎಂದು ನನ್ನ ದನಿ ಓಣಿಗೆಲ್ಲ ಕೇಳುವ ಹಾಗೆ ಬೊಬ್ಬೆ ಹೊಡೆಯಿತು. ಕೆಳಗಿನ ಮನೆಯಲ್ಲಿರುವವರು ಬನವಾಸಿ ಕಡೆಯ ವ್ಯಾಪಾರಸ್ಥರು. ಆ ಮನೆಯಾಕೆ ಮೆಟ್ಟಿಲ ಬುಡದಿಂದಲೇ ಕೂಗಿದರು.

“ಏನ್ರೀ ಅಕ್ಕಾರ, ಮುಂಜಾನಿಂದ ನೀರು ನೀರು ಅನ್ನಾಕತ್ತೀರಿ, ನಳ ಬಂದಿಲ್ಲೇನ್ರಿ? ಕೆಳಗ ಬರ್ರಿ, ಎರಡು ಕೊಡ ಒಯ್ರಿ!”

ನೀರಿದೆ, ಕೂಗಿದ್ದು ನಾನಲ್ಲ ಎಂದೆ. ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, “ಇರ್ಲಿ ಬಿಡ್ರಿ, ಮನ್ಯಾಗ ಬ್ಯಾನಿ ಇದ್ರ ಹಂಗ ಆಕ್ಕೈತಿ” ಎಂದು ಒಳಗೆ ಹೋದರು. ಒತ್ತಿ ಹಿಡಿದಾಗ ಬರುವ ಮರುಸುದ್ದಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಎಂದು ಒಂದು ಸಾಲು ಬರೆದೆ. ಅದು ಸರಿಹೋಯಿತು.

ಆಮೇಲೆ ಮಾತುಗಳು ಜಾಸ್ತಿಯಾದವು. ಒಂದು ಕೀಬೋರ್ಡಿಗೆ ಎಲ್ಲ ಮಾತೂ ಹಿಡಿಸಲಿಲ್ಲ. ಪುಟದಲ್ಲಿ ಎರಡು ಪೆಟ್ಟಿಗೆ ಮಾಡಿದೆ. ಊಟದ ಹೊತ್ತಿಗೆ ಊಟದ ಪೆಟ್ಟಿಗೆ ತೆರೆದರೆ ಕೆಲವು ಕೀಗಳು ಅನ್ನ, ತಂಬ್ಳಿ, ಉಪ್ಪಿನಕಾಯಿ ಎನ್ನುತ್ತಿದ್ದವು. ಉಳಿದ ಹೊತ್ತಿನಲ್ಲಿ ಮಾತಿನ ಪೆಟ್ಟಿಗೆ. ಈಗ ಬೇರೆಯೇ ಒಂದು ರೋಗ ಹತ್ತಿಕೊಂಡಿತು. ಬೆಳಿಗ್ಗೆ ‘ಚಾ’ ಎಂದು ಒಂದು ಸಲ ಹೇಳುತ್ತಿದ್ದ ಪುಟ ಮಧ್ಯಾಹ್ನಕ್ಕೆ ಎರಡು ಸಲ ಹೇಳುತ್ತಿತ್ತು, ಸಂಜೆಗೆ ಮೂರು ಸಲ. ಥೇಟ್ ಅತ್ತೆಯ ಹಾಗೆ. ಅವರ ಬೆರಳಿನಿಂದ ಆದದ್ದಲ್ಲ, ನಾನೇ ಒಂದು ಸಲ ಮುಟ್ಟಿ ಎತ್ತಿದರೂ ಹಾಗೇ ಹೇಳುತ್ತಿತ್ತು. ಕೂತು ನೋಡಿದರೆ ತಪ್ಪು ಪುಟಕ್ಕೆ ನಾನು ಬರೆದಿದ್ದ ಜಾವಾಸ್ಕ್ರಿಪ್ಟ್ ಸಾಲುಗಳಲ್ಲಿತ್ತು. ಪೆಟ್ಟಿಗೆ ತೆರೆದಾಗಲೆಲ್ಲ ಕೀಬೋರ್ಡಿಗೆ ಕಿವಿಗೊಡಲು ಲಿಸನರ್ ಎಂಬ ಹೊಸ ಕೇಳುಗನೊಬ್ಬನನ್ನು ಕೂರಿಸುತ್ತಿದ್ದೆ, ಮುಚ್ಚುವಾಗ ಹಳಬನನ್ನು ಎಬ್ಬಿಸಿ ಕಳಿಸುತ್ತಿರಲಿಲ್ಲ. ಸಂಜೆಯ ಹೊತ್ತಿಗೆ ಮೂವರು ಕೂತಿರುತ್ತಿದ್ದರು, ಮೂವರೂ ಕೇಳಿದ್ದನ್ನು ಹೇಳುತ್ತಿದ್ದರು. ಹಳಬರನ್ನು ಕಳಿಸುವ ಸಾಲು ಬರೆದೆ.

ಮೂರನೆಯದು ನಮ್ಮನೆಯವರಿಗೆ ತಗುಲಿಕೊಂಡದ್ದು. ಅವರಿಗೆ ಇದೇ ಊರಿನ ಯಲ್ಲಾಪುರ ನಾಕಾದ ಹತ್ತಿರ ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿ. ನಾನು ಪೇಟೆಗೆ ಹೋದಾಗ ಅತ್ತೆಗೆ ಏನಾದರೂ ಆದರೆ ಎಂದು ಒಂದು ಏರ್ಪಾಡು ಮಾಡಿದ್ದೆ. ಗಾಬರಿಯಲ್ಲಿ ಸರಿಯಾದ ಕೀ ಹುಡುಕುತ್ತ ಕೂರಲು ಆಗುತ್ತದೆಯೇ? ಎರಡೂ ಪೆಟ್ಟಿಗೆಗಳನ್ನು ಒಳಗಿಟ್ಟುಕೊಂಡ ಇಡೀ ಪುಟಕ್ಕೆ ಒಂದು ಅಪ್ಪಣೆ ಕೊಟ್ಟಿದ್ದೆ: ತನಗೆ ಯಾವ ಕೀಯ ಸುದ್ದಿ ಮುಟ್ಟಿದರೂ ನಮ್ಮನೆಯವರ ಫೋನಿಗೆ ‘ಕೂಡಲೇ ಬಾ’ ಎಂದು ಕಳಿಸಬೇಕು. ಪೆಟ್ಟಿಗೆ ತೆರೆದಿದ್ದರೆ ಸುದ್ದಿ ಅಲ್ಲೇ ಮುಗಿಯುತ್ತದೆ, ನಾನು ಮುಚ್ಚಿಹೋದರೆ ಮಾತ್ರ ಪುಟಕ್ಕೆ ಮುಟ್ಟುತ್ತದೆ ಎಂದು ನನ್ನ ಲೆಕ್ಕ. ಆದರೆ ಕೀಬೋರ್ಡಿನ ಸುದ್ದಿ ಒಳಗಿನ ಪೆಟ್ಟಿಗೆಯಲ್ಲೇ ನಿಲ್ಲುವುದಿಲ್ಲ. ಒಳಗೆ ಕೆಲಸ ಮುಗಿಸಿಕೊಂಡು ಹೊರಗಿನದಕ್ಕೂ ಹೋಗಿ ಮುಟ್ಟಿಸುತ್ತದೆ. ಇದಕ್ಕೆ ನಮ್ಮ ಕಸುಬಿನಲ್ಲಿ ಬಬ್ಲಿಂಗ್ ಎನ್ನುತ್ತಾರೆ. ಅಡುಗೆಮನೆಯಲ್ಲಿ ಪಿಸುಗುಟ್ಟಿದ್ದು ಜಗಲಿಗೆ ಬಂದು, ಅಂಗಳಕ್ಕೆ ಇಳಿದು, ಓಣಿಗೆ ಹೋಗುವುದಕ್ಕೆ ನಾವು ಏನೂ ಹೆಸರಿಟ್ಟಿಲ್ಲ. ಅದು ಇದ್ದದ್ದೇ ಎಂದು ಬಿಟ್ಟಿದ್ದೇವೆ.

ಅತ್ತೆ ಊಟಕ್ಕೆ ಕೂತು ಉಪ್ಪಿನಕಾಯಿ ಒತ್ತಿದರು. ನಾನು ಉಪ್ಪಿನಕಾಯಿ ಬಡಿಸಿದೆ. ಸ್ವಲ್ಪ ಹೊತ್ತಿಗೆ ನಮ್ಮನೆಯವರು ಹೆಲ್ಮೆಟ್ ಹಾಕಿಕೊಂಡೇ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು.

“ಆಯಿ, ಎಂತಾತು?”

“ಮಾವಿನಮಿಡಿ ಕೇಳಿದ್ರು, ಕೊಟ್ಟೆ,” ಎಂದೆ ನಾನು.

ಅವರು ಒಂದು ಲೋಟ ನೀರು ಕುಡಿದು ತಿರುಗಿ ಹೋದರು. ಅತ್ತೆ ಮಜ್ಜಿಗೆ ಒತ್ತಿದ್ದಕ್ಕೆ ಮತ್ತೆ ಬಂದರು. “ನಿನ್ನ ಆ ಯಂತ್ರ ಬಾವಿಗೆ ಹಾಕು ಮಾರಾಯ್ತಿ!” ಎಂದರು. ನಮ್ಮ ಮಾಳಿಗೆ ಮನೆಗೆ ಬಾವಿ ಇಲ್ಲ. ಒಳಗಿನದು ಒಳಗೇ ನಿಲ್ಲಲಿ ಎಂದು ಊಟದ ಪೆಟ್ಟಿಗೆಗೂ ಮಾತಿನ ಪೆಟ್ಟಿಗೆಗೂ ಒಂದೊಂದು ತಡೆ ಹಾಕಿದೆ. ಅಂಗಡಿ ಮತ್ತೆ ನಡೆಯತೊಡಗಿತು.

ಇಷ್ಟಾದರೂ ಒಂದು ಬಾಕಿ ಉಳಿದಿತ್ತು. ಅತ್ತೆಯ ಎಡಗೈ ನಡುಗುತ್ತಿತ್ತು. ಒಂದು ಸಲ ಒತ್ತಬೇಕೆಂದರೂ ಬೆರಳು ಎರಡು ಸಲ, ಮೂರು ಸಲ ಕೀ ಮೇಲೆ ಬೀಳುತ್ತಿತ್ತು. ‘ಚಾ. ಚಾ ಚಾ.’ ದಿನವಿಡೀ ನನ್ನ ದನಿಯನ್ನೇ ಎರಡೆರಡು ಸಲ ಕೇಳಿ ನನ್ನ ತಲೆ ಕೆಟ್ಟುಹೋಗುತ್ತಿತ್ತು. ಒಂದು ದಿನ ಸಿಟ್ಟಿನಲ್ಲೇ ಕೂತು ಒಂದು ನಿಯಮ ಬರೆದೆ: ಒಂದು ಕೀ ಒತ್ತಿದ ಮೇಲೆ ಅದೇ ಕೀಯನ್ನು ಮತ್ತೆ ಒತ್ತಿದರೆ ಅದು ಕೈನಡುಕ, ಕೇಳಿಸಿಕೊಳ್ಳಬೇಡ, ಬೆರಳು ನಾಲ್ಕಾರು ಸೆಕೆಂಡು ಸುಮ್ಮನಿದ್ದ ಮೇಲಷ್ಟೇ ಮತ್ತೆ ಕಿವಿಗೊಡು. ನಡುವೆ ಮುಟ್ಟಿದರೆ ಎಣಿಕೆ ಮತ್ತೆ ಮೊದಲಿನಿಂದ.

ಆಹಾ, ಎಂಥ ನೆಮ್ಮದಿ! ಅತ್ತೆ ಒಂದು ಮಾತನ್ನು ಒಂದೇ ಸಲ ಹೇಳತೊಡಗಿದರು. ಮದುವೆಯಾಗಿ ಈ ಮನೆಗೆ ಬಂದಂದಿನಿಂದ ನಾನು ಬೇಡಿಕೊಂಡಿದ್ದು ಅದೊಂದನ್ನೇ. ಮಾಡಿದ ಕೆಲಸದ ಬಗ್ಗೆ ನನಗೆ ಹೆಮ್ಮೆಯೂ ಆಯಿತು. ಅತ್ತೆಗೆ ಮಾತ್ರ ಊಟದ ಹೊತ್ತಿನಲ್ಲಿ ಸಿಟ್ಟು ಬರತೊಡಗಿತು. ಅನ್ನ ಬಿಡುತ್ತಿದ್ದರು, ತಟ್ಟೆ ದೂಡುತ್ತಿದ್ದರು. ಲಕ್ವದವರಿಗೆ ಸಿಟ್ಟು ಬರುತ್ತದೆ ಎಂದು ಡಾಕ್ಟರು ಹೇಳಿದ್ದರಿಂದ ನಾನು ಅದರ ಗೊಡವೆಗೆ ಹೋಗಲಿಲ್ಲ.

ಯಲ್ಲಾಪುರದಲ್ಲಿರುವ ಅತ್ತಿಗೆ ಮತ್ತು ಭಾವ, ಅಂದರೆ ಅತ್ತೆಯ ಮಗಳು ಮತ್ತು ಅಳಿಯ, ಒಂದು ಬೆಳಿಗ್ಗೆ ಬಂದರು. ಚಂದಗುಳಿಯ ಗಣಪತಿಗೆ ಆಯಿಯ ಹೆಸರಿನಲ್ಲಿ ಹರಕೆಯ ಗಂಟೆ ಕಟ್ಟಿಸಿ, ಪ್ರಸಾದ ಹಿಡಿದುಕೊಂಡು ನೇರ ನಮ್ಮಲ್ಲಿಗೆ ಬಂದಿದ್ದರು. ಚಾ, ಆಸ್ರಿಗೆ ಮುಗಿದ ಮೇಲೆ ಅತ್ತಿಗೆ ವಿಷಯ ತೆಗೆದರು.

“ನಮ್ಮನೆಲಿ ಕೆಳಗೇ ರೂಮ್ ಇದ್ದು ತಂಗಿ, ಮೆಟ್ಲು ಹತ್ತದು ಇಲ್ಲೆ. ನಿಂಗೂ ಕೆಲಸ ಇರ್ತು. ಆಯಿನ ಇನ್ನು ನಂಗ ನೋಡ್ಕತ್ಯ.”

ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ನಮ್ಮ ಮೆಟ್ಟಿಲು ಕಡಿದು. ಇಬ್ಬರು ಹಿಡಿದುಕೊಳ್ಳದೆ ಅತ್ತೆಯನ್ನು ಕೆಳಗಿಳಿಸಲಾಗುತ್ತಿರಲಿಲ್ಲ. ಅತ್ತಿಗೆ ಬಾಯಿ ಬಿಟ್ಟು ಹೇಳದಿದ್ದ ಇನ್ನೊಂದು ಮಾತೂ ನಿಜವೇ: ಅತ್ತೆ ಸೊಸೆಗೆ ಆಗಿಬರುವುದಿಲ್ಲ ಎಂದು ನೆಂಟರಲ್ಲಿ ಯಾರಿಗೆ ಗೊತ್ತಿರಲಿಲ್ಲ? ನಮ್ಮನೆಯವರು ನನ್ನ ಮುಖ ನೋಡಿದರು. ನಾನು ಕಿಟಕಿ ನೋಡಿದೆ. ಅತ್ತೆ ಹೋದರೆ ಆ ಕೋಣೆಯಲ್ಲಿ ಮೇಜು ಹಾಕಿಕೊಳ್ಳಬಹುದು ಎಂದು ನನ್ನ ಮನಸ್ಸು ಆಗಲೇ ಅಳತೆ ತೆಗೆಯುತ್ತಿತ್ತು. ಹೀಗೆ ಹೋದವರು ತಿರುಗಿ ಬರುವುದಿಲ್ಲ ಎನ್ನುವುದು ಅಲ್ಲಿದ್ದ ಎಲ್ಲರಿಗೂ ತಿಳಿದಿತ್ತು. ಅತ್ತೆಗೂ ತಿಳಿದಿತ್ತು.

ಅತ್ತಿಗೆ ಮಂಚದ ತುದಿಗೆ ಕೂತು ಕೇಳಿದರು: “ಆಯಿ, ನಮ್ಮನೆಗೆ ಬತ್ತೆ ಅಲ್ದಾ?”

ಅತ್ತೆ ಒತ್ತಿದರು. ‘ಬ್ಯಾಡ’ ಎಂದಿತು ನನ್ನ ದನಿ, ಒಂದು ಸಲ.

ಇಲ್ಲಿ ನಮ್ಮ ಕಡೆಯ ಒಂದು ರೀತಿ ಹೇಳಬೇಕು. ನಮ್ಮಲ್ಲಿ ಊಟಕ್ಕೆ ಕೂತವರು ಬ್ಯಾಡ ಎಂದರೆ ಬೇಡ ಎಂದಲ್ಲ. ಒಂದು ‘ಬ್ಯಾಡ’ ಎಂದರೆ ಬಡಿಸು, ನಾನು ಆಸೆಬುರುಕನಲ್ಲ ಎಂದಷ್ಟೇ. ಬಡಿಸುವವರು ಅದನ್ನು ಕಿವಿಗೆ ಹಾಕಿಕೊಂಡರೆ ಮರ್ಯಾದೆ ಬಿಟ್ಟವರಾಗುತ್ತಾರೆ. ನಿಜವಾಗಿ ಬೇಡದವರು ‘ಬ್ಯಾಡ ಬ್ಯಾಡ ಬ್ಯಾಡ’ ಎನ್ನುತ್ತ ಬಾಳೆಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಬಗ್ಗಬೇಕು. ಆಗಲೂ ಬೆರಳ ಸಂದಿಯಲ್ಲಿ ಒಂದು ಸೌಟು ಹಾಕಿಹೋಗುವ ಮಹಾನುಭಾವರಿದ್ದಾರೆ. ಅದೂ ಮಗಳ ಮನೆಗೆ ಬಂದಿರು ಎಂದು ಕರೆದಾಗ ಕೂಡಲೇ ಹ್ಞೂಂ ಎನ್ನುವ ತಾಯಿ ನಮ್ಮಲ್ಲಿ ಇನ್ನೂ ಹುಟ್ಟಿಲ್ಲ.

ಭಾವ ನಕ್ಕರು. “ಒಂದು ಬ್ಯಾಡ ಎಲ್ಲರೂ ಹೇಳ್ತ. ಮಗಳ ಮನೆಗೆ ಬಾ ಹೇಳಿದ್ರೆ ಕೂಡಲೇ ಆತು ಹೇಳಲೆ ಬತ್ತಾ? ಸಂಕೋಚ ಅದು.”

ಅತ್ತೆಯ ಬೆರಳು ಕೀ ಮೇಲೆ ಬೀಳುತ್ತಲೇ ಇತ್ತು. ಟಕ್ ಟಕ್ ಟಕ್. ಅದಕ್ಕೆ ದನಿ ಇರಲಿಲ್ಲ. ಕೈ ನಡುಗುತ್ತಿದೆ ಪಾಪ ಎಂದು ಅತ್ತಿಗೆ ಆ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡು ಸವರಿದರು. ಅತ್ತೆಯ ಕಣ್ಣಲ್ಲಿ ನೀರು ಬಂತು. ಆ ನೀರಿಗೆ ಬೆಲೆ ಕೊಡಬಾರದೆಂದು ಎಲ್ಲರಿಗೂ ಗೊತ್ತಿತ್ತಲ್ಲ. ಭಾನುವಾರ ಕಾರು ತರುವುದೆಂದು ತೀರ್ಮಾನವಾಯಿತು.

ಆ ವಾರ ಅತ್ತೆ ‘ಥೋ’ ಒತ್ತಲಿಲ್ಲ. ಚಾ ಸಪ್ಪೆಯಾಗಿದ್ದರೂ ಒತ್ತಲಿಲ್ಲ. ಹೊರಡುವ ಖುಷಿಯಲ್ಲಿ ಒಳ್ಳೆಯವರಾಗಿದ್ದಾರೆ ಎಂದುಕೊಂಡೆ. ನಾನೂ ಒಳ್ಳೆಯವಳಾದೆ. ದಿನಾ ತೊಡೆದೇವು ಬೇಕೇ, ಕಾಯಿಹಾಲು ಮಾಡಲೇ ಎಂದು ಕೇಳಿ ಕೇಳಿ ಬಡಿಸಿದೆ. ಅವರ ಸೀರೆ, ಶಾಲು, ಔಷಧದ ಡಬ್ಬಿ ಎಲ್ಲ ಒಂದು ಸೂಟ್‌ಕೇಸಿಗೆ ತುಂಬಿ ಬಾಗಿಲ ಹತ್ತಿರ ಇಟ್ಟೆ. ಅದನ್ನು ಇಟ್ಟ ಮೇಲೆ ಅವರು ಕಿಟಕಿಯ ಕಡೆ ತಿರುಗುವುದನ್ನು ಬಿಟ್ಟು ಅದನ್ನೇ ನೋಡುತ್ತಿದ್ದರು.

ಭಾನುವಾರ ಊಟ ಮುಗಿಸಿ ಹೊರಡುವುದೆಂದು ಮಾತಾಗಿತ್ತು. ಅತ್ತಿಗೆ, ಭಾವ, ನಮ್ಮನೆಯವರು ಸಾಲಾಗಿ ಬಾಳೆಲೆ ಹಾಕಿಕೊಂಡು ಕೂತರು. ಅತ್ತೆಗೆ ಕುರ್ಚಿ, ಮುಂದೆ ಸಣ್ಣ ಮೇಜು, ಮೇಜಿನ ಮೇಲೆ ಎಲೆ, ಎಲೆಯ ಪಕ್ಕ ಕೀಬೋರ್ಡ್. ಕಳಿಸಿಕೊಡುವ ಅಡುಗೆ ಎಂದು ನಾನೂ ಮೈಮುರಿದು ಮಾಡಿದ್ದೆ. ಒಂದೆಲಗದ ತಂಬ್ಳಿ ಹಿಡಿದು ಅತ್ತೆಯ ಹತ್ತಿರ ಹೋದೆ.

‘ಬ್ಯಾಡ’ ಎಂದಿತು ನನ್ನ ದನಿ. ನಾನು ಬಡಿಸಿದೆ.

ಟಕ್ ಟಕ್ ಟಕ್ ಎಂದು ಕೀ ಬಡಿದುಕೊಳ್ಳುತ್ತಿತ್ತು. ಇನ್ನೊಂದು ಸೌಟು ಎತ್ತಿದೆ. ಆಗ ಅತ್ತೆ ಕೀಬೋರ್ಡಿನಿಂದ ಕೈ ಕಿತ್ತು ಎಲೆಯ ಮೇಲೆ ಅಡ್ಡ ತಂದರು. ತರುವಷ್ಟರಲ್ಲಿ ತಂಬ್ಳಿ ಬಿದ್ದಾಗಿತ್ತು, ಅವರ ಕೈ ಮೇಲೇ ಬಿತ್ತು. ಅವರು ಆ ಒದ್ದೆ ಕೈಯನ್ನು ಮತ್ತೆ ಕೀ ಮೇಲೆ ಕೊಂಡೊಯ್ದರು. ಎಲೆಗೆ ಅಡ್ಡ ಕೈ ಇಲ್ಲದಾಯಿತು, ನನ್ನ ಸೌಟು ತಾನಾಗಿ ಮುಂದೆ ಹೋಯಿತು. ಹೋದ ಸೌಟನ್ನು ಅಲ್ಲೇ ತಡೆದು ನಿಂತುಬಿಟ್ಟೆ. ಇರುವುದು ಒಂದು ಕೈ. ಎಲೆಗೆ ಅಡ್ಡ ಹಿಡಿದರೆ ಹೇಳುವ ಹಾಗಿಲ್ಲ, ಹೇಳಿದರೆ ಅಡ್ಡ ಹಿಡಿಯುವ ಹಾಗಿಲ್ಲ. ಹೇಳಿದರೂ ಒಂದೇ ‘ಬ್ಯಾಡ’. ಎರಡನೆಯದನ್ನು ನುಂಗಿ ಹಾಕು ಎಂದು ಬರೆದಿಟ್ಟವಳು ನಾನು. ಸುಮ್ಮನಿರದೆ ಒತ್ತಿದರೆ ಎಣಿಕೆ ಮತ್ತೆ ಮೊದಲಿನಿಂದ. ಅವರು ಎಷ್ಟೆಷ್ಟು ಒತ್ತಿ ಹೇಳಿದರೋ ನನ್ನ ಪುಟ ಅಷ್ಟಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿತ್ತು.

“ಅಯ್ಯೋ ದೇವರೇ!” ಎಂದೆ.

ತಂಬ್ಳಿ ಪಾತ್ರೆ ನೆಲಕ್ಕಿಟ್ಟು ಲ್ಯಾಪ್‌ಟಾಪಿಗೆ ಹೋದೆ. ಕೈ ತೊಳೆಯಲೂ ಇಲ್ಲ.

“ಊಟದ ಮಧ್ಯೆ ಎಂತದೇ ಅದು?” ಎಂದರು ಭಾವ. ಅವರ ಎಲೆಯಲ್ಲಿ ಅನ್ನಕ್ಕೆ ಕಲಸಿಕೊಳ್ಳಲು ಏನೂ ಇರಲಿಲ್ಲ.

“ಒಂದು ಗಳಿಗೆ ಭಾವ,” ಎಂದೆ. ನಿಯಮದ ಸಾಲುಗಳನ್ನು ಅಳಿಸಿದೆ. ಪುಟವನ್ನು ಮತ್ತೆ ತೆರೆದೆ. ಅತ್ತೆಯ ಕಡೆ ತಿರುಗಿ, “ಈಗ ಹೇಳಿ” ಎಂದೆ.

‘ಬ್ಯಾಡ. ಬ್ಯಾಡ ಬ್ಯಾಡ. ಬ್ಯಾಡ ಬ್ಯಾಡ ಬ್ಯಾಡ.’

ನನ್ನ ದನಿ ಅಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ. ಒಂದು ಮುಗಿಯುವ ಮೊದಲೇ ಇನ್ನೊಂದು ಶುರುವಾಗಿ ಒಂದರ ಮೇಲೊಂದು ಬೀಳುತ್ತಿತ್ತು.

“ಆತು ತಂಗಿ, ಬಡಿಸಡ, ಆಯಿಗೆ ಸಾಕಾಯ್ದು,” ಎಂದರು ಅತ್ತಿಗೆ.

ಯಾರೂ ಬಡಿಸುತ್ತಿರಲಿಲ್ಲ. ಪಾತ್ರೆ ನೆಲದ ಮೇಲಿತ್ತು. ಅತ್ತೆ ಎಲೆಯ ಕಡೆ ನೋಡುತ್ತಲೂ ಇರಲಿಲ್ಲ. ಬಾಗಿಲ ಹತ್ತಿರದ ಸೂಟ್‌ಕೇಸನ್ನೇ ನೋಡುತ್ತ ಒತ್ತುತ್ತಿದ್ದರು. ಅವರ ಕಣ್ಣು ಹೋದಲ್ಲಿಗೆ ಒಬ್ಬೊಬ್ಬರ ಕಣ್ಣೂ ಹೋಯಿತು. ಭಾವ ಎದ್ದು ಫ್ಯಾನ್ ಆರಿಸಿದರು, ಯಾಕೆಂದು ಅವರಿಗೂ ಗೊತ್ತಿರಲಿಲ್ಲ. ಮತ್ತೆ ಹಾಕಿ ಕೂತರು.

ಅತ್ತಿಗೆ ಎಂಜಲು ಕೈಯಲ್ಲೇ ಎದ್ದು ಬಂದು ಕುರ್ಚಿಯ ಪಕ್ಕ ನಿಂತರು. “ಆಯಿ, ನಮ್ಮನೆ ಬ್ಯಾಡ್ದಾ?” ಎಂದು ಕೇಳಿದರು. ಕರೆದವರ ತಪ್ಪೇನೂ ಇರಲಿಲ್ಲ. ಅತ್ತೆ ಕೀಬೋರ್ಡಿನಿಂದ ಕೈ ಎತ್ತಿ ಮಗಳ ಕೆನ್ನೆ ಸವರಿದರು, ತಂಬ್ಳಿ ಕೈಯಲ್ಲೇ. ಸುಮಾರು ಹೊತ್ತು ಸವರಿದರು. ಆಮೇಲೆ ಕೈ ತಿರುಗಿ ತಂದು ಎರಡು ಸಲ ಒತ್ತಿದರು. ‘ಬ್ಯಾಡ. ಬ್ಯಾಡ.’

“ಆತು,” ಎಂದು ನಮ್ಮನೆಯವರು ಎದ್ದರು. “ಆಯಿ ಇಲ್ಲೇ ಇರ್ತು.” ಕೈ ತೊಳೆದುಕೊಂಡು ಬಂದು ಸೂಟ್‌ಕೇಸನ್ನು ಒಳಗೆ ಒಯ್ದರು. ಅತ್ತಿಗೆ ಕೆನ್ನೆ ಒರೆಸಿಕೊಂಡು ಬಂದು ಕೂತರು. ನಾನು ಎಲ್ಲರಿಗೂ ತಂಬ್ಳಿ ಬಡಿಸಿದೆ. ಭಾವ ಒಂದು ಸಲ ಬ್ಯಾಡ ಎಂದರು. ಸೌಟು ಹಿಡಿದುಕೊಂಡು ನಾನು ಕಾದೆ. “ಹಾಕು ಮಾರಾಯ್ತಿ,” ಎಂದರು ಅವರು.

ಪುಟದಲ್ಲಿ ಈಗ ಆ ನಿಯಮ ಇಲ್ಲ. ಒತ್ತಿ ಹಿಡಿದರೆ ಒಂದೇ ಸಲ ಕೇಳಿಸುತ್ತದೆ, ಅದು ಸರಿ. ಬೆರಳು ಎತ್ತಿ ಮತ್ತೆ ಒತ್ತಿದರೆ ಮತ್ತೆ ಕೇಳಿಸುತ್ತದೆ. ನಡುಕ ಯಾವುದು, ಮಾತು ಯಾವುದು ಎಂದು ಬೇರೆ ಮಾಡುವ ಉಪಾಯ ನನಗೆ ಈವರೆಗೆ ಹೊಳೆದಿಲ್ಲ. ಸಂಶಯ ಬಂದರೆ ಅವರನ್ನೇ ಕೇಳುತ್ತೇನೆ. ಕೇಳಬಹುದಿತ್ತು ಎನ್ನುವುದು ಮೊದಲೇ ಹೊಳೆದಿದ್ದರೆ ಅರ್ಧ ಕೆಲಸ ಉಳಿಯುತ್ತಿತ್ತು.

ಅವತ್ತು ಕಾರು ಬಂದಿದ್ದ ಇಬ್ಬರನ್ನೇ ಕರೆದುಕೊಂಡು ಹೋಯಿತು. ನಮ್ಮನೆಯವರು ಅವರನ್ನು ಕಳಿಸಲು ಕೆಳಗಿಳಿದು, ಅಲ್ಲಿಂದ ಹಾಗೇ ಅಂಗಡಿಯ ಕಡೆ ನಡೆದರು. ಭಾನುವಾರ ಅಂಗಡಿ ಇಲ್ಲ, ಆದರೂ ಹೋದರು. ನಾನು ಅತ್ತೆಯನ್ನು ಮಂಚಕ್ಕೆ ದಾಟಿಸಿ, ಕೀಬೋರ್ಡಿಗೆ ಮೆತ್ತಿದ್ದ ತಂಬ್ಳಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಒರೆಸಿ ಅವರ ಪಕ್ಕ ಇಟ್ಟೆ. ಮಾತಿನ ಪೆಟ್ಟಿಗೆ ತೆರೆದೆ. ಇನ್ನೇನು ಪಾತ್ರೆ ತಿಕ್ಕಲು ಹೊರಟಿದ್ದೆ.

‘ನಿಂಗೆ,’ ಎಂದಿತು ನನ್ನ ದನಿ. ಸ್ವಲ್ಪ ತಡೆದು, ‘ಬೇಕಾ?’ ಎಂದಿತು.

ಆ ‘ನಿಂಗೆ’, ‘ಬೇಕಾ’ ಕೀಗಳನ್ನು ಮಾಡಿದ್ದು ಬಂದವರಿಗೆ ಅವರು ಚಾ ಕೇಳಲಿ ಎಂದು. ಕೇಳಿದ್ದು ಚಾ ಅಲ್ಲ, ತಮ್ಮ ಬಗ್ಗೆ ಎಂದು ಅವರ ಕಣ್ಣು ನೋಡಿದರೆ ತಿಳಿಯುತ್ತಿತ್ತು.

“ಬೇಕು ಅತ್ತೆ, ಎಂತಕ್ಕೆ ಬ್ಯಾಡ?” ಎಂದುಬಿಟ್ಟೆ. ಯೋಚಿಸುವ ಮೊದಲೇ ಬಂತು ಮಾತು.

ಪಕ್ಕದವರದ್ದು ನೋಡಿ ಬರೆದ ಉತ್ತರವನ್ನು ಗುರುತಿಸುವುದು ಅವರ ಜೀವಮಾನದ ಕಸುಬು. ನನ್ನನ್ನೇ ನೋಡುತ್ತ ಬೆರಳು ಎತ್ತಿ ಮತ್ತೆ ಒತ್ತಿದರು.

‘ಬೇಕಾ?’

ನಾನು ಒರೆಸುವ ಬಟ್ಟೆ ಹಿಡಿದುಕೊಂಡೇ ಮಂಚದ ಮೇಲೆ ಕೂತೆ. ಅವಸರ ಮಾಡಲಿಲ್ಲ. ಆ ಕೋಣೆಗೆ ಮೇಜು ಎಲ್ಲಿ ಹಾಕಬೇಕೆಂದುಕೊಂಡಿದ್ದೆನೋ ಆ ಜಾಗವೂ ಕಾಣುತ್ತಿತ್ತು, ಅತ್ತೆಯೂ ಕಾಣುತ್ತಿದ್ದರು.

“ಕೆಲವು ದಿನ ಬ್ಯಾಡ ಅನ್ನಿಸ್ತು ಅತ್ತೆ,” ಎಂದೆ. “ಉಳಿದ ದಿನ ಬೇಕು.”

ಅತ್ತೆ ಕೀಬೋರ್ಡಿನ ಮೇಲೆ ಬೆರಳಾಡಿಸುತ್ತ ತುಸು ಹೊತ್ತು ಹುಡುಕಿದರು. ನಾನು ‘ಥೋ’ಗೆ ಸಿದ್ಧಳಾಗಿಯೇ ಕೂತಿದ್ದೆ. ಬೆರಳು ನಡುಗುತ್ತ ಹೋಗಿ ಕೆಳಗಿನ ಸಾಲಿನ ಒಂದು ಕೀ ಮೇಲೆ ನಿಂತಿತು.

‘ಅಡ್ಡಿಲ್ಲೆ,’ ಎಂದಿತು ನನ್ನ ದನಿ.